ಇಳಿವಯಸ್ಸಿನ ಲೆಕ್ಕ ನಮ್ಮ ಕೈಗೆ ಬಂದ ಮೇಲೆ

ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಹಳೆಯ ಪಿಂಚಣಿ ತಪ್ಪಿತು. ಕೇಂದ್ರದಲ್ಲಿ, ಸೇನಾಪಡೆಗಳನ್ನು ಬಿಟ್ಟರೆ, 2004ರ ಜನವರಿಯಿಂದಲೇ ಅದು ನಿಂತಿತ್ತು. ಅಲ್ಲಿಯತನಕ ನಿವೃತ್ತಿಯ ಲೆಕ್ಕ ಒಂದೇ ಸಾಲಿನದು: ಕೊನೆಯ ಸಂಬಳದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ. ಅದರ ಬದಲಿಗೆ ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆ ಬಂದಮೇಲೆ ಕಟ್ಟುವ ಕಂತು ಮಾತ್ರ ಖಚಿತವಾಯಿತು. ಕೈಗೆ ಬರುವ ಮೊತ್ತ ಮಾರುಕಟ್ಟೆಗೆ ಬಿಟ್ಟದ್ದು.

ಖಾಸಗಿ ನೌಕರರ ಪಾಡು ಮೊದಲಿನಿಂದಲೂ ಬಿಗಿ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ, 2014ರಲ್ಲಿ ನಿಗದಿಯಾದ 15,000 ರೂಪಾಯಿ ವೇತನ ಮಿತಿಯ ಮೇಲೆ 33 ವರ್ಷ ದುಡಿದವರಿಗೆ, ಎರಡು ವರ್ಷದ ಹೆಚ್ಚುವರಿ ಸೇವೆಯನ್ನು ಸೇರಿಸಿಕೊಂಡರೂ ಸಿಗುವುದು ತಿಂಗಳಿಗೆ 7,500 ರೂಪಾಯಿ. ಉಳಿತಾಯದ ಬಡ್ಡಿಯೂ ಕರಗಿತು. 2000ದ ಆರಂಭದವರೆಗೆ ಶೇ 12ರಷ್ಟಿದ್ದ ಪಿಪಿಎಫ್ ಬಡ್ಡಿ 2020ರ ಏಪ್ರಿಲ್‌ನಲ್ಲಿ ಶೇ 7.1ಕ್ಕೆ ಇಳಿಯಿತು.

ಭಾರ ಹೀಗೆ ಮನೆಯ ಮೇಲೆ ಬಿದ್ದ ಕಾಲದಲ್ಲೇ ಅದನ್ನು ಅಳೆಯುವ ಸಾಧನವೂ ಮನೆಗೆ ಬಂತು. 1979ರ ವಿಸಿಕ್ಯಾಲ್ಕ್‌ನಿಂದ ಶುರುವಾದ ಸ್ಪ್ರೆಡ್‌ಶೀಟ್ ಬಹುಕಾಲ ಕಚೇರಿಯ ಸೊತ್ತಾಗಿತ್ತು. 2006ರಲ್ಲಿ ಗೂಗಲ್ ಅದನ್ನು ಉಚಿತವಾಗಿ ತೆರೆದಿಟ್ಟಿತು. ಈಗ ಅದು ಮೊಬೈಲಿನಲ್ಲೇ ಇದೆ.

ಈ ಸಾಧನವನ್ನು ನಾವು ಬಳಸಿದ್ದೇವೆಯೇ? ಬಳಸಿದ್ದೇವೆ, ಆದರೆ ಅರ್ಧ ಮಾತ್ರ. ಎಲ್‌ಐಸಿ ಪಾಲಿಸಿ, ಪಿ.ಎಫ್., ಠೇವಣಿ, ಚಿನ್ನ, ಸೈಟು ಎಂದು ಇರುವುದನ್ನೆಲ್ಲ ಪಟ್ಟಿ ಮಾಡಿ, ಕೆಳಗೆ ಬಂದ ಮೊತ್ತ ನೋಡಿ ಸಮಾಧಾನಪಟ್ಟಿದ್ದೇವೆ. ಸೈಟಿನ ಬೆಲೆ ಎಷ್ಟೇ ಏರಲಿ, ಅದು ತಿಂಗಳ ದಿನಸಿ ತರುವುದಿಲ್ಲ. ಮೊದಲ ಸಾಲಿನಲ್ಲಿ ಬರಬೇಕಾದದ್ದು ಖರ್ಚು.

ಇಂದು ತಿಂಗಳಿಗೆ 30,000 ರೂಪಾಯಿಯಲ್ಲಿ ಸಂಸಾರ ತೂಗಿಸುವ ನಲವತ್ತರ ದಂಪತಿಯನ್ನು ತೆಗೆದುಕೊಳ್ಳಿ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ, ಅರವತ್ತಕ್ಕೆ ಅದೇ ಬಾಳಿಗೆ ತಿಂಗಳಿಗೆ ಸುಮಾರು 96,000 ಬೇಕು. ನಿವೃತ್ತಿಯ ನಂತರ ಬರುವ ಬಡ್ಡಿ ಬೆಲೆಯೇರಿಕೆಯನ್ನು ಸರಿದೂಗಿಸುವಷ್ಟೇ ಎಂದಾದರೆ, 25 ವರ್ಷಕ್ಕೆ ಬೇಕಾಗುವ ಇಡಗಂಟು ಸುಮಾರು 2.9 ಕೋಟಿ. ಏರಿಕೆಯ ಸೆಲ್‌ನಲ್ಲಿ 6 ಅಳಿಸಿ 5 ಬರೆಯಿರಿ: ತಿಂಗಳ ಖರ್ಚು 80,000ಕ್ಕೆ, ಇಡಗಂಟು 2.4 ಕೋಟಿಗೆ ಇಳಿಯುತ್ತದೆ. ಒಂದು ಅಂಕಿಯ ಊಹೆಗೆ ಅರ್ಧ ಕೋಟಿಯ ಅಂತರ! ನಾಳೆ ಏನಾಗುತ್ತದೆಂದು ಸ್ಪ್ರೆಡ್‌ಶೀಟ್ ಹೇಳಲಾರದು. ನಮ್ಮ ಊಹೆ ಎಷ್ಟು ದುಬಾರಿ ಎಂಬುದನ್ನು ಮಾತ್ರ ಮುಚ್ಚುಮರೆಯಿಲ್ಲದೆ ತೋರಿಸುತ್ತದೆ.

ಇನ್ನೊಂದು ಕೊರತೆ ಇನ್ನೂ ಗಂಭೀರ. ಬಹಳಷ್ಟು ಮನೆಗಳಲ್ಲಿ ಈ ಲೆಕ್ಕ ಗಂಡನೊಬ್ಬನಿಗೇ ಗೊತ್ತು. ಹೆಂಡತಿ ಅವನಿಗಿಂತ ಕಿರಿಯಳಾದರೆ, ಒಂಟಿಯಾಗಿ ಹೆಚ್ಚು ಕಾಲ ಬಾಳಬೇಕಾಗಿ ಬರುವುದು ಅವಳಿಗೇ. ಅವಳ ವಯಸ್ಸು ಹಾಳೆಯಲ್ಲಿ ಇಲ್ಲದಿದ್ದರೆ ಆ ಯೋಜನೆ ಅಪೂರ್ಣ. ಔಷಧ, ಆಸ್ಪತ್ರೆಯ ಖರ್ಚಿಗೂ ಬೇರೆ ಸಾಲೇ ಬೇಕು. ಮನೆಖರ್ಚಿನೊಳಗೆ ಅದನ್ನು ಅಡಗಿಸಬಾರದು.

2025ರ ಏಪ್ರಿಲ್‌ನಿಂದ ಬಂದ ಏಕೀಕೃತ ಪಿಂಚಣಿ ಯೋಜನೆ, 25 ವರ್ಷ ಸೇವೆಯ ಕೇಂದ್ರ ನೌಕರರಿಗೆ ಕೊನೆಯ ವರ್ಷದ ಸರಾಸರಿ ಮೂಲವೇತನದ ಅರ್ಧದ ಭರವಸೆಯನ್ನು ಮರಳಿ ತಂದಿದೆ. ಅಂಗಡಿ ಇಟ್ಟವರಿಗೆ, ಗುತ್ತಿಗೆಯ ಮೇಲೆ ದುಡಿಯುವವರಿಗೆ ಅಂಥ ಭರವಸೆಯಿಲ್ಲ. ಅವರ ವೃದ್ಧಾಪ್ಯದ ಭದ್ರತೆಗೆ ಸರ್ಕಾರ ಇನ್ನೂ ಬಹಳ ಮಾಡಬೇಕಿದೆ. ಅಲ್ಲಿಯತನಕ ಕಾಯುತ್ತ ಕೂರುವಂತಿಲ್ಲ. ನಲವತ್ತು ದಾಟುವ ಮೊದಲೇ ಗಂಡ ಹೆಂಡತಿ ಜತೆಯಾಗಿ ಕೂತು ಈ ಹಾಳೆ ಬರೆಯಿರಿ, ಪ್ರತಿ ಏಪ್ರಿಲ್‌ನಲ್ಲಿ ತಿದ್ದಿರಿ, ನಾಮಿನಿ ಹೆಸರುಗಳನ್ನು ಸರಿಪಡಿಸಿ. ಕೊರತೆ ನಲವತ್ತರಲ್ಲಿ ಕಂಡರೆ ತುಂಬಿಕೊಳ್ಳಲು ಇಪ್ಪತ್ತು ವರ್ಷವಿರುತ್ತದೆ. ಅರವತ್ತರಲ್ಲಿ ಕಂಡರೆ ಮಕ್ಕಳ ಮುಂದೆ ಕೈಚಾಚುವುದೊಂದೇ ಉಳಿಯುತ್ತದೆ.