ಮೇಲೇಳದ ಕೈ

2022ರ ನವೆಂಬರ್‌ನಲ್ಲಿ ಕತಾರ್ ವಿಶ್ವಕಪ್‌ನ ತಮ್ಮ ಮೊದಲ ಪಂದ್ಯಕ್ಕೆ ಇಳಿದ ಇರಾನ್ ಆಟಗಾರರು ರಾಷ್ಟ್ರಗೀತೆಗೆ ತುಟಿ ಬಿಚ್ಚಲಿಲ್ಲ. ಜಗತ್ತು ಆ ಮೌನವನ್ನು ಕೊಂಡಾಡಿತು. ನಾಲ್ಕು ದಿನಗಳ ಬಳಿಕ ಅವರೇ ಹಾಡಿದಾಗ ಗ್ಯಾಲರಿಯಿಂದ ಮೂದಲಿಕೆ ಕೇಳಿಬಂತು. ಒಬ್ಬ ಆಟಗಾರನಿಂದ ನಾವು ಎಷ್ಟು ಧೈರ್ಯವನ್ನು ನಿರೀಕ್ಷಿಸಬಹುದು? ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ನೆನಪಾಗುವುದು 1931ರ ಒಂದು ಛಾಯಾಚಿತ್ರ.

ಅದು ಇಟಲಿಯ ಫ್ಲಾರೆನ್ಸ್ ನಗರದ ಹೊಸ ಕ್ರೀಡಾಂಗಣದ ಉದ್ಘಾಟನಾ ಸಂದರ್ಭ. ಕ್ರೀಡಾಂಗಣಕ್ಕೆ ಇಟ್ಟದ್ದು ಜಿಯೊವಾನಿ ಬೆರ್ತಾ ಎಂಬ ಫ್ಯಾಸಿಸ್ಟ್ ಕಾರ್ಯಕರ್ತನ ಹೆಸರು. ಫಿಯೊರೆಂಟಿನಾ ತಂಡದ ಆಟಗಾರರು ಸಾಲಾಗಿ ನಿಂತು, ಬಲಗೈ ಚಾಚಿ ಫ್ಯಾಸಿಸ್ಟ್ ವಂದನೆ ಸಲ್ಲಿಸುತ್ತಿದ್ದಾರೆ. ಒಬ್ಬನ ಕೈ ಮಾತ್ರ ಮೇಲೇಳಲಿಲ್ಲ. ಅವನೇ ಬ್ರೂನೊ ನೇರಿ. 1910ರಲ್ಲಿ ಫಾಯೆಂಜಾದಲ್ಲಿ ಹುಟ್ಟಿದ ಅವನಿಗೆ ಆಗಿನ್ನೂ ಇಪ್ಪತ್ತು ವರ್ಷ.

ಕಥೆ ಇಲ್ಲಿಗೇ ಮುಗಿದಿದ್ದರೆ ನಮ್ಮ ತೀರ್ಪೂ ಸರಳವಾಗುತ್ತಿತ್ತು. ಆದರೆ ನೇರಿ ಆಡುತ್ತಲೇ ಹೋದ. 1936ರವರೆಗೆ ಫಿಯೊರೆಂಟಿನಾ, ಒಂದು ಋತು ಲುಕ್ಕೆಸೆ, ಅನಂತರ 1940ರವರೆಗೆ ಟೊರಿನೊ. ಇಟಲಿಯ ರಾಷ್ಟ್ರೀಯ ತಂಡಕ್ಕೂ ಮೂರು ಪಂದ್ಯಗಳಲ್ಲಿ ಆಡಿದ. 1934ರಲ್ಲಿ ವಿಶ್ವಕಪ್ ಗೆದ್ದಿದ್ದ ಆ ತಂಡವನ್ನು ಮುಸೊಲಿನಿಯ ಸರ್ಕಾರ ತನ್ನ ಪ್ರಚಾರದ ಸಾಧನವಾಗಿಸಿಕೊಂಡಿತ್ತು. ಲುಕ್ಕೆಸೆಯಲ್ಲಿ ನೇರಿಗೆ ತರಬೇತಿ ನೀಡಿದ್ದ ಹಂಗೇರಿಯ ಯಹೂದಿ ಎಗ್ರಿ ಎರ್ಬ್‌ಸ್ಟೈನ್, 1938ರ ಜನಾಂಗೀಯ ಕಾನೂನುಗಳಿಂದಾಗಿ ಇಟಲಿ ತೊರೆಯಬೇಕಾಯಿತು. ನೇರಿ ಆಗಲೂ ಆಡುತ್ತಿದ್ದ.

ಇದು ರಾಜಿಯಲ್ಲವೇ ಎಂದು ಯಾರಾದರೂ ಕೇಳಬಹುದು. ಹಾಗೆ ಕೇಳುವವರು 1938ರ ಮೇ ತಿಂಗಳ ಬರ್ಲಿನ್ ಪಂದ್ಯವನ್ನೂ ನೆನೆಯಬೇಕು. ಅಲ್ಲಿ ನಾಜಿ ವಂದನೆ ಸಲ್ಲಿಸಿದ್ದು ಪ್ರಜಾಪ್ರಭುತ್ವದ ಇಂಗ್ಲೆಂಡ್ ತಂಡ. ಆಟಗಾರರಿಗೆ ಅದು ಇಷ್ಟವಿರಲಿಲ್ಲ. ಕೈ ಎತ್ತಿಸಿದ್ದು ರಾಜತಾಂತ್ರಿಕರ ಮತ್ತು ಅಧಿಕಾರಿಗಳ ಲೆಕ್ಕಾಚಾರ. ಪಂದ್ಯವನ್ನು ಇಂಗ್ಲೆಂಡ್ 6-3ರಿಂದ ಗೆದ್ದಿತು. ಆದರೆ ಇತಿಹಾಸದಲ್ಲಿ ಉಳಿದದ್ದು ಚಾಚಿದ ಆ ಕೈಗಳು. ಕಳಂಕವನ್ನು ಹೊತ್ತವರು ಆಟಗಾರರು. ಆದೇಶ ಕೊಟ್ಟವರ ಹೆಸರು ಇಂದು ಎಷ್ಟು ಜನರಿಗೆ ಗೊತ್ತು?

1943ರಲ್ಲಿ ಜರ್ಮನ್ ಸೇನೆ ಇಟಲಿಯನ್ನು ಆಕ್ರಮಿಸಿಕೊಂಡ ಬಳಿಕ ನೇರಿ ಪ್ರತಿರೋಧ ಹೋರಾಟಕ್ಕೆ ಸೇರಿದ. 1944ರ ಜುಲೈ 10ರಂದು ಅಪೆನೈನ್ ಬೆಟ್ಟಗಳಲ್ಲಿ, ಮರ್ರಾದಿ ಸಮೀಪ, ಜರ್ಮನ್ ಸೈನಿಕರೊಂದಿಗಿನ ಗುಂಡಿನ ಕಾಳಗದಲ್ಲಿ ಸಂಗಾತಿಯೊಬ್ಬನೊಂದಿಗೆ ಮಡಿದ. ಆಗ ಅವನಿಗೆ 33 ವರ್ಷ. ಫಾಯೆಂಜಾದ ಕ್ರೀಡಾಂಗಣಕ್ಕೆ ಈಗ ಅವನದೇ ಹೆಸರು. ಫ್ಲಾರೆನ್ಸ್‌ನ ಕ್ರೀಡಾಂಗಣ ಬೆರ್ತಾನ ಹೆಸರನ್ನು ಎಂದೋ ಕಳಚಿಕೊಂಡಿದೆ.

ಆ ಚಿತ್ರಕ್ಕೂ ಈ ಸಾವಿಗೂ ನಡುವೆ ಸುಮಾರು ಹದಿಮೂರು ವರ್ಷಗಳಿವೆ. ಅವುಗಳಲ್ಲಿ ಹೆಚ್ಚಿನವನ್ನು ನೇರಿ ಕಳೆದದ್ದು ಎಲ್ಲರಂತೆ ಚೆಂಡಿನ ಹಿಂದೆ. ಒಂದು ಕ್ಷಣದ ಮೌನದಿಂದ ವೀರನನ್ನೂ, ಒಂದು ಹಾಡಿನಿಂದ ಹೇಡಿಯನ್ನೂ ಗುರುತಿಸುವ ನಮ್ಮ ಆತುರಕ್ಕೆ ಈ ಬದುಕು ಒಗ್ಗುವುದಿಲ್ಲ. ಆಟಗಾರ ಕೈ ಎತ್ತಿದನೇ ಇಲ್ಲವೇ ಎಂದು ಕೇಳುವ ಮೊದಲು, ಎತ್ತೆಂದು ಹೇಳಿದವರು ಯಾರೆಂದು ಕೇಳುವುದು ನ್ಯಾಯ.