ಸಂಸಾರದಲ್ಲಿದ್ದ ನಾದಯೋಗಿ

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಸದ್ಭಕ್ತರ ಮನೆಗಳಲ್ಲಿ ಮಗನೊಬ್ಬನು ಸಂಗೀತ ಕಲಿಯುವೆನೆಂದರೆ ಹಿರಿಯರು ಇಂದಿಗೂ ಚಿಂತೆಗೊಳಗಾಗುತ್ತಾರೆ. ಹಾಡಿನ ಹಿಂದೆ ಹೋದವನು ಮನೆಯನ್ನು ಮರೆತಾನೆಂಬ ಅಂಜಿಕೆ ಅವರದು. ಈ ಸೀಮೆಯ ಜನ ಸಂಗೀತದ ಮಾತು ಬಂದೊಡನೆ ನೆನೆಯುವುದು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು. ಅಲ್ಲಿಯ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ವಿರಕ್ತರು. ಅವರನ್ನು ಕಂಡು ಬೆಳೆದವರು ನಾದವೂ ಸಂಸಾರವೂ ಒಂದೇ ಸೂರಿನಡಿ ಬಾಳಲಾರವೆಂದು ಬಗೆದರೆ ಅದು ಸಹಜವೇ. ಆದುದರಿಂದ ಈ ಸಲ ಧಾರವಾಡದ ಗೃಹಸ್ಥ ಗಾಯಕರಾದ ಮಲ್ಲಿಕಾರ್ಜುನ ಮನ್ಸೂರರನ್ನು ನೆನೆಯಲು ಬಯಸಿದ್ದೇವೆ.

ಧಾರವಾಡದ ಸಮೀಪದ ಮನ್ಸೂರಿನ ಒಕ್ಕಲು ಮನೆತನದಲ್ಲಿ 1910ರ ಡಿಸೆಂಬರ್ 31ರಂದು ಅವರ ಜನನ. ಬಾಲ್ಯದಲ್ಲಿ ನಾಟಕದ ರಂಗ. ಬಳಿಕ ಅಪ್ಪಯ್ಯಸ್ವಾಮಿಗಳಲ್ಲಿ, ಮಿರಜಿನ ನೀಲಕಂಠ ಬುವಾ ಅವರಲ್ಲಿ ಶಿಕ್ಷಣ. ಗ್ರಾಮಫೋನ್ ತಟ್ಟೆಗಳ ಮೂಲಕ ಹೆಸರಾದ ಮೇಲೆಯೂ ಅವರು ಮಂಜಿಖಾನರ ಮುಂದೆ ಹೊಸದಾಗಿ ಶಿಷ್ಯರಾಗಿ ಕುಳಿತರು. ಕೀರ್ತಿ ಬಂದ ಬಳಿಕ ತಲೆಬಾಗುವುದು ಎಷ್ಟು ಕಠಿಣವೆಂಬುದನ್ನು ಕಲಾವಿದರು ಮಾತ್ರವಲ್ಲ, ಶಾಸ್ತ್ರ ಓದಿದ ನಮ್ಮಂಥವರೂ ಬಲ್ಲೆವು. 1937ರಲ್ಲಿ ಮಂಜಿಖಾನರು ತೀರಿಕೊಂಡಾಗ ಆ ಪಾಠ ನಡುವೆಯೇ ನಿಂತಿತು. ಅವರ ತಮ್ಮಂದಿರಾದ ಭುರ್ಜಿಖಾನರಲ್ಲಿ ಅದನ್ನು ಮುಂದುವರಿಸಿದರು.

ಇತ್ತ ಮನೆಯಲ್ಲಿ ಪತ್ನಿ ಗಂಗಮ್ಮನವರು, ಏಳು ಹೆಣ್ಣುಮಕ್ಕಳು, ಒಬ್ಬ ಮಗ. ಇಷ್ಟು ದೊಡ್ಡ ಸಂಸಾರಕ್ಕೆ ರಾಗವೊಂದೇ ಆಧಾರ. ಪದ್ಮಶ್ರೀ ಬಂದದ್ದು 1970ರಲ್ಲಿ, ಅರುವತ್ತರ ಅಂಚಿನಲ್ಲಿ, ಪದ್ಮಭೂಷಣ 1976ರಲ್ಲಿ, ಪದ್ಮವಿಭೂಷಣ ಲಿಂಗೈಕ್ಯರಾದ 1992ನೆಯ ವರ್ಷದಲ್ಲಿಯೇ. ದೇಶ ಗುರುತಿಸುವುದಕ್ಕೆ ಮುಂಚಿನ ಆ ದೀರ್ಘ ಕಾಲದಲ್ಲಿ ಒಲೆ ಹೇಗೆ ಉರಿಯಿತೆಂಬುದನ್ನು ಪ್ರಶಸ್ತಿಪತ್ರಗಳು ಬರೆಯುವುದಿಲ್ಲ. ಆ ಪತ್ರಗಳಲ್ಲಿ ಗಂಗಮ್ಮನವರ ಹೆಸರೂ ಇಲ್ಲ. ಇರಬೇಕಾಗಿತ್ತೆಂಬುದು ನಮ್ಮ ಅಭಿಪ್ರಾಯ.

ಧಾರವಾಡ ಮುರುಘಾಮಠದ ಮೃತ್ಯುಂಜಯ ಅಪ್ಪಗಳಲ್ಲಿ ಅವರಿಗೆ ಅಪಾರ ಭಕ್ತಿ. ಮನೆಗೂ 'ಮೃತ್ಯುಂಜಯ' ಎಂದೇ ಹೆಸರಿಟ್ಟರು. ಶಿವಪೂಜೆಯ ನಿಷ್ಠೆ ಕೊನೆಯವರೆಗೂ ಸಡಿಲಲಿಲ್ಲ. ಖಟ್, ಶಿವಮತ ಭೈರವ, ಬಹಾದೂರಿ ತೋಡಿಯಂತಹ ಅಪರೂಪದ ರಾಗಗಳನ್ನು ಹಾಡಿ ಪಂಡಿತರ ತಲೆದೂಗಿಸಿದ ಅದೇ ಕಂಠ ಶರಣರ ವಚನಗಳನ್ನೂ ಹಾಡಿತು. ಓದಲು ಬಾರದ ತಾಯಂದಿರಿಗೂ ಅಕ್ಕಮಹಾದೇವಿಯ ಮಾತು ಕಿವಿಯ ಮೂಲಕ ಎದೆಗಿಳಿಯುವಂತಾಯಿತು. ಶ್ರಾವಣದ ಪುರಾಣಕ್ಕೆ ಹಾರ್ಮೋನಿಯಂ, ತಬಲಾ ತಪ್ಪದೆ ಇರಬೇಕೆನ್ನುವ ನಮ್ಮ ಹಳ್ಳಿಗಳಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಅವರು ಲಿಂಗೈಕ್ಯರಾದದ್ದು 1992ರ ಸೆಪ್ಟೆಂಬರ್ 12ರಂದು. ಮಗಳು ನೀಲಾ ಕೊಡ್ಲಿಯವರು ಗಾಯಕಿಯಾದರು. ಮಗ ರಾಜಶೇಖರರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ತಂದೆಯ ಗಾಯನವನ್ನು 2022ರಲ್ಲಿ ತಾವು ತೀರಿಕೊಳ್ಳುವವರೆಗೂ ಕಾಪಾಡಿಕೊಂಡು ಬಂದರು. ತಂದೆಯವರ ಆತ್ಮಕಥೆಯಾದ 'ನನ್ನ ರಸಯಾತ್ರೆ'ಯನ್ನು ಇಂಗ್ಲಿಷಿಗೆ ತಂದವರೂ ಅವರೇ.