ಎಎಸ್/400 ಪ್ರಾಜೆಕ್ಟ್ ಸಿಕ್ಕಿದರೆ ಅಳಬೇಕೆ?

ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆಯಾಗಿ, ಜಾವಾ, ಪೈಥಾನ್ ತರಬೇತಿ ಮುಗಿಸಿದ ಫ್ರೆಶರ್‌ಗಳಿಗೆ ಒಂದು ಭಯ ಇದ್ದೇ ಇರುತ್ತದೆ: ಯಾವ ಪ್ರಾಜೆಕ್ಟಿಗೆ ಹಾಕುತ್ತಾರೋ! ಕ್ಲೌಡ್, ಎಐ ಸಿಕ್ಕವರು ಸ್ನೇಹಿತರಿಗೆ ಪಾರ್ಟಿ ಕೊಡುತ್ತಾರೆ. ‘ಎಎಸ್/400’ ಸಿಕ್ಕವರು ಮನೆಗೆ ಏನು ಹೇಳುವುದೆಂದು ತಿಳಿಯದೆ ಕೂರುತ್ತಾರೆ. ಕಪ್ಪು ಪರದೆ, ಹಸಿರು ಅಕ್ಷರ. ಅಜ್ಜನ ಕಾಲದ ಯಂತ್ರ ಅನ್ನಿಸುವುದು ಸಹಜ.

ಆದರೆ ಆ ಯಂತ್ರ ಸತ್ತಿಲ್ಲ. 1988ರ ಜೂನ್‌ನಲ್ಲಿ ಐಬಿಎಂ ಬಿಡುಗಡೆ ಮಾಡಿದ ಎಎಸ್/400 ಹೆಸರು ಬದಲಿಸುತ್ತಾ ಬಂದಿದೆ. ಅದರ ಆಪರೇಟಿಂಗ್ ಸಿಸ್ಟಂಗೆ ಈಗ ‘ಐಬಿಎಂ ಐ’ ಎಂಬ ಹೆಸರು. 2025ರಲ್ಲಿ ಇದರ 7.6ನೇ ಆವೃತ್ತಿ ಬಂತು. ಅದನ್ನು ಓಡಿಸುವ ಪವರ್11 ಸರ್ವರ್‌ಗಳೂ ಅದೇ ವರ್ಷದ ಜುಲೈನಲ್ಲಿ ಬಂದವು.

ಇದು ಮಿಡ್‌ರೇಂಜ್ ಜಾತಿಯ ಕಂಪ್ಯೂಟರ್. ಮೇನ್‌ಫ್ರೇಮ್ ಕೊಳ್ಳುವಷ್ಟು ದುಡ್ಡಿಲ್ಲದ, ಆದರೆ ನೂರಾರು ನೌಕರರು ಒಟ್ಟಿಗೆ ಬಳಸಬೇಕಾದ ಕಾರ್ಖಾನೆ, ಗೋದಾಮು, ವಿಮಾ ಕಚೇರಿಗಳಿಗೆ ಹೊಂದುವಂಥದ್ದು. ಹಿಂದೆ ಇಂಥವನ್ನು ಮಿನಿ ಕಂಪ್ಯೂಟರ್ ಎನ್ನುತ್ತಿದ್ದರು. ನಮ್ಮ ಐಟಿ ಕಥೆಯೂ ಶುರುವಾಗುವುದು ಇದೇ ಜಾತಿಯಿಂದ. ಇನ್ಫೊಸಿಸ್ 1980ರ ದಶಕದ ಮೊದಲ ಭಾಗದಲ್ಲಿ ತರಿಸಿಕೊಂಡ ಮೊದಲ ಕಂಪ್ಯೂಟರ್ ಡೇಟಾ ಜನರಲ್ ಕಂಪನಿಯ ಎಂವಿ/8000 ಮಿನಿ.

ಕಾಲೇಜಿನ ಪಾಠದಲ್ಲಿ ಸರ್ವರ್‌ಗಳು ಬೇರೆ ಬೇರೆ: ಪುಟ ತೋರಿಸಲು ವೆಬ್ ಸರ್ವರ್, ವ್ಯವಹಾರದ ನಿಯಮಗಳಿಗೆ ಅಪ್ಲಿಕೇಶನ್ ಸರ್ವರ್, ದಾಖಲೆಗಳಿಗೆ ಡೇಟಾಬೇಸ್ ಸರ್ವರ್, ಹೆಸರು ಹೇಳಿದರೆ ವಿಳಾಸ ಹುಡುಕಿಕೊಡಲು ಡಿಎನ್‌ಎಸ್ ಸರ್ವರ್. ಕ್ಲೌಡ್ ಎಂದರೆ ಇವನ್ನೆಲ್ಲ ಬಾಡಿಗೆಗೆ ತಂದು ಜೋಡಿಸುವುದು. ಒಂದು ಕೊಂಡಿ ಕಳಚಿದರೆ ಏನಾಗುತ್ತದೆ ಎಂಬುದು 2025ರ ಅಕ್ಟೋಬರ್ 20ರಂದು ಜಗತ್ತಿಗೇ ಗೊತ್ತಾಯಿತು. ಅಮೆಜಾನ್‌ನ ವರ್ಜೀನಿಯಾ ಕೇಂದ್ರದಲ್ಲಿ ಡೇಟಾಬೇಸ್ ಸೇವೆಯೊಂದರ ಡಿಎನ್‌ಎಸ್ ದಾಖಲೆ ಖಾಲಿಯಾಯಿತು. ಸ್ನ್ಯಾಪ್‌ಚಾಟ್‌ನಂಥ ಆ್ಯಪ್‌ಗಳು ಗಂಟೆಗಟ್ಟಲೆ ಕೈಕೊಟ್ಟವು.

ಎಎಸ್/400 ಇದಕ್ಕೆ ತದ್ವಿರುದ್ಧ. ಡೇಟಾಬೇಸ್ ಆಪರೇಟಿಂಗ್ ಸಿಸ್ಟಂನ ಒಳಗೇ ಇದೆ. ಪ್ರೋಗ್ರಾಂ ಮತ್ತು ಹಾರ್ಡ್‌ವೇರ್ ನಡುವೆ ಒಂದು ಪದರ ಇರುವುದರಿಂದ, 1995ರಲ್ಲಿ ಪ್ರೊಸೆಸರ್ 48 ಬಿಟ್‌ನಿಂದ 64 ಬಿಟ್‌ಗೆ ಬದಲಾದಾಗಲೂ ಹಳೆಯ ಪ್ರೋಗ್ರಾಂಗಳನ್ನು ಹೊಸದಾಗಿ ಬರೆಯಬೇಕಾಗಲಿಲ್ಲ. ಹಾಗೆಂದು ಇದು ಕೆಡದ ಯಂತ್ರವೇನಲ್ಲ. ಎಲ್ಲವೂ ಒಂದರಲ್ಲೇ ಇದ್ದರೆ ನಿಂತಾಗ ಎಲ್ಲವೂ ನಿಲ್ಲುತ್ತದೆ. ಅದಕ್ಕೇ ಬೇರೆ ಊರಿನಲ್ಲಿ ಜೋಡಿ ಯಂತ್ರ ಇಡುವುದು.

ಕಂಪನಿಗಳು ಹಳೆಯದನ್ನು ಬಿಡದಿರುವುದು ಮೋಹದಿಂದಲ್ಲ, ಭಯದಿಂದ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಗ್ರಾಹಕರನ್ನು ಹೊಸ ವ್ಯವಸ್ಥೆಗೆ ಸಾಗಿಸಲು ಹೋಗಿ, ಸುಮಾರು 19 ಲಕ್ಷ ಜನರಿಗೆ ತಮ್ಮ ಖಾತೆ ತೆರೆಯಲೇ ಆಗಲಿಲ್ಲ. 2022ರಲ್ಲಿ ನಿಯಂತ್ರಕರು ವಿಧಿಸಿದ ದಂಡ 4.86 ಕೋಟಿ ಪೌಂಡ್‌ಗೂ ಹೆಚ್ಚು. ಅದು ಎಎಸ್/400 ಕಥೆಯಲ್ಲ. ಆದರೆ ಇದನ್ನು ಓದಿದ ಯಾವ ಮ್ಯಾನೇಜರ್‌ಗೆ ಧೈರ್ಯ ಬಂದೀತು?

ಹೀಗಾಗಿ ಕೆಲಸವಂತೂ ಇದೆ. ಆರ್‌ಪಿಜಿ ಭಾಷೆ ಬಲ್ಲ ಹಿರಿಯರು ನಿವೃತ್ತರಾಗುತ್ತಿದ್ದಾರೆ. ಆದರೂ ಕಣ್ಣುಮುಚ್ಚಿ ಒಪ್ಪಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಜಾವಾಗೆ ಹೋಲಿಸಿದರೆ ಇಲ್ಲಿ ಕೆಲಸ ಕೊಡುವವರು ಕಡಿಮೆ, ಕಂಪನಿ ಬದಲಿಸುವುದು ಕಷ್ಟ. ಹಳೆಯ ಕೋಡ್ ಓದಿ ವಿವರಿಸುವ ಎಐ ಸಹಾಯಕವನ್ನು ಐಬಿಎಂ ಕಂಪನಿಯೇ ಮಾಡುತ್ತಿದೆ. ಸಣ್ಣಪುಟ್ಟ ರಿಪೇರಿಗೆ ಜನ ಬೇಕಾಗದ ದಿನ ಬರಬಹುದು. ಆಗಲೂ ಬೆಲೆ ಉಳಿಯುವುದು ‘ಈ ನಿಯಮವನ್ನು ಯಾಕೆ ಹೀಗೆ ಬರೆದರು’ ಎಂದು ಹೇಳಬಲ್ಲವರಿಗೆ.

ಆದ್ದರಿಂದ ಪ್ರಾಜೆಕ್ಟ್ ಹೆಸರು ಕೇಳಿ ಹೆದರುವ ಬದಲು ಮ್ಯಾನೇಜರ್ ಹತ್ತಿರ ಹೋಗಿ ಕೇಳಿ: ರಾತ್ರಿ ಪಾಳಿಯಲ್ಲಿ ಟಿಕೆಟ್ ಮುಚ್ಚುವುದಷ್ಟೇ ಕೆಲಸವೆ, ಅಥವಾ ಹಳೆಯ ಪ್ರೋಗ್ರಾಂಗಳನ್ನು ಎಪಿಐ ಮೂಲಕ ಮೊಬೈಲ್ ಆ್ಯಪ್‌ಗೆ ಜೋಡಿಸುವುದೂ ಇದೆಯೆ? ಎಸ್‌ಕ್ಯುಎಲ್ ಕಲಿಯಲು ಸಿಗುತ್ತದೆಯೆ? ಮೊದಲನೆಯದಷ್ಟೇ ಆದರೆ ಒಂದೆರಡು ವರ್ಷದಲ್ಲಿ ಹೊರಬರುವ ದಾರಿ ಈಗಲೇ ನೋಡಿಕೊಳ್ಳಿ. ಕೈಯಾಡಿಸಿ ನೋಡಬೇಕೆಂದರೆ ಪಬ್400 ಎಂಬ ಸರ್ವರ್ ಉಚಿತವಾಗಿ ಖಾತೆ ಕೊಡುತ್ತದೆ. ವಿಎಸ್ ಕೋಡ್‌ನಲ್ಲೇ ಆರ್‌ಪಿಜಿ ಬರೆಯಬಹುದು, ಹಸಿರು ಪರದೆ ಕಡ್ಡಾಯವಲ್ಲ.